ಹಿತ್ತಾಳೆ ಟೋಕನ್ ತೂಗುತ್ತಿದ್ದ ಬಾಗಿಲು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಈ ಕಾಲಮ್ ಯಾಕೆ ಬೇಕು ಮಾರಾಯ್ತಿ?" ಎಂದು ಕೇಳುತ್ತಿದ್ದರು. ನಮ್ಮ ರಕ್ತನಿಧಿಯ ಪ್ರತಿಯೊಂದು ಫಾರಂ ಮುಂದೆಯೂ ಅವರು ಕೇಳುತ್ತಿದ್ದ ಪ್ರಶ್ನೆ ಅದು. ದಾನಿಯ ಅಪ್ಪನ ಹೆಸರು ಯಾಕೆ, ಜಾತಿ ಯಾಕೆ, ಕೆಲಸ ಮಾಡುವ ಜಾಗ ಯಾಕೆ ಎಂದು ಒಂದೊಂದನ್ನೇ ಹೊಡೆದುಹಾಕುತ್ತಾ ಬಂದು ಫಾರಂ ಅರ್ಧಕ್ಕೆ ಇಳಿದಿತ್ತು. "ಮುಂದೆ ಯಾವಾಗಾದ್ರೂ ಬೇಕಾಗಬಹುದು ಮೇಡಂ" ಎಂದು ಕಾರ್ಯದರ್ಶಿಗಳು ಗೊಣಗಿದರೆ, "ಬೇಕಾದಾಗ ಕೇಳಿ ತಗೊಳ್ಳೋಣ ಸಾರ್. ನಮ್ಮ ಹತ್ರ ಇಲ್ಲದೇ ಇರೋದನ್ನ ಯಾರೂ ಕದಿಯೋಕಾಗಲ್ಲ" ಅನ್ನುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಬರೆಯಲೇ ಎಂದು ಮಗಳನ್ನೂ ಅಳಿಯನನ್ನೂ ಕೇಳಿದೆ. ಬರೆದದ್ದನ್ನು ಅವರು ಓದಿ, ಅಡ್ಡಿಯಿಲ್ಲ ಎಂದ ಮೇಲೆಯೇ ಇದು ಹೊರಗೆ ಬರುತ್ತಿದೆ.

ನಾನು ಶಿವಮೊಗ್ಗದ ಒಂದು ರಕ್ತನಿಧಿಯಲ್ಲಿ ಆಪ್ತಸಮಾಲೋಚಕಿ. ಹುದ್ದೆಯ ಹೆಸರು ಉದ್ದ, ಕೆಲಸ ಇಷ್ಟೇ: ರಕ್ತ ಕೊಟ್ಟವರಲ್ಲಿ ಯಾರದಾದರೂ ಪರೀಕ್ಷೆಯಲ್ಲಿ ಸೋಂಕು ಕಂಡರೆ ಅವರನ್ನು ಕರೆಸಿ, ಬಾಗಿಲು ಹಾಕಿಕೊಂಡು, ಮೆಲ್ಲಗೆ ಹೇಳುವುದು. ಎಚ್‌ಐವಿ, ಹೆಪಟೈಟಿಸ್, ಇಂಥವು. ಒಳ್ಳೆಯದು ಮಾಡೋಣ ಎಂದು ಬಂದವರು ಕೆಟ್ಟ ಸುದ್ದಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಆ ಮುಖಗಳು ನನಗೆ ಈಗಲೂ ನೆನಪಿವೆ, ಸಂತೆಯಲ್ಲಿ ಎದುರಾದರೆ ನಾನೇ ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಅವರು ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು. ಶಿಬಿರಗಳಲ್ಲಿ ದಾನಿಗಳನ್ನು ನೋಂದಾಯಿಸುವ, ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಆಸ್ಪತ್ರೆಗಳಿಗೆ ತೋರಿಸುವ ವೆಬ್ ಅಪ್ಲಿಕೇಶನ್ ನಮ್ಮದೇ ಕಟ್ಟಡದಲ್ಲಿ, ನಮ್ಮದೇ ಸರ್ವರಿನಲ್ಲಿ ಓಡುತ್ತದೆ. ಹೊರಗಿನವರಿಗೆ ಕಾಣುವುದು ಮುಂದಿನ ಮಶೀನು. ಮಾಹಿತಿಯೆಲ್ಲ ಇರುವುದು ಒಳಗಿನ ಇನ್ನೊಂದರಲ್ಲಿ, ಡೇಟಾಬೇಸ್ ಸರ್ವರಿನಲ್ಲಿ. ಅದಕ್ಕೆ ಇಂಟರ್ನೆಟ್ಟಿನ ಗಾಳಿಯೇ ತಾಗಬಾರದು ಎಂಬುದು ಅವರ ಹಟ. ಮುಂದಿನ ಮಶೀನೊಂದು ಕೇಳಿದರೆ ಮಾತ್ರ ಅದು ಉತ್ತರ ಕೊಡಬೇಕು, ಅದೂ ಕೇಳಿದ್ದಷ್ಟಕ್ಕೇ. ನನಗೆ ಅರ್ಥವಾಗಲಿ ಎಂದು ಅವರು ಹೇಳಿದ್ದು ಹೀಗೆ: "ಅಂಗಡಿ ಮುಂದೆ ಬೀದಿ ಇರ್ಲಿ, ಉಗ್ರಾಣಕ್ಕೆ ಯಾಕೆ ಬೀದಿ ಬಾಗಿಲು?"

ಆ ಉಗ್ರಾಣದಲ್ಲಿ ಅವರು ಹೆದರುತ್ತಿದ್ದದ್ದು ಒಂದೇ ವಸ್ತುವಿಗೆ, ಸೋಂಕು ಕಂಡವರ ಪಟ್ಟಿಗೆ. ಅದನ್ನು ತೆರೆಯುವ ಹಕ್ಕು ವೈದ್ಯರಿಗೆ, ನನಗೆ, ಸರ್ವರ್ ನೋಡಿಕೊಳ್ಳುವವರಾಗಿ ಅವರಿಗೆ. ಯಾರೇ ತೆರೆಯಲಿ, ತೆರೆದ ಗಳಿಗೆಯಲ್ಲೇ ವೈದ್ಯರ ಫೋನಿಗೂ ನನ್ನ ಫೋನಿಗೂ ಒಂದು ಸಂದೇಶ ಬರುವ ಹಾಗೆ ಮಾಡಿದ್ದರು. ಆ ಸಂದೇಶ ಹೋಗುವ ದಾರಿಯನ್ನು ತಮ್ಮ ಕೈಗೂ ಸಿಗದ ಹಾಗೆ ಬೇರೆ ಕಡೆ ಕೂರಿಸಿದ್ದರು. "ನೀವು ತೆರೆದರೂ ಬರತ್ತಾ?" ಎಂದು ಕೇಳಿದ್ದೆ. "ನಾನು ತೆರೆದ್ರೆ ಅಂತಾನೇ ಮಾಡಿದ್ದು" ಅಂದರು.

ಭದ್ರಾವತಿಯ ನ್ಯೂ ಟೌನಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಕಾಟನ್ ಸೀರೆ, ಕಾಲಿಗೆ ಓಡುವವರ ಶೂ, ಕೈಯಲ್ಲಿ ಎರಡು ಟಿಫನ್ ಕ್ಯಾರಿಯರ್. ಒಂದರಲ್ಲಿ ಊಟ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕು. ಸರ್ವರಿನ ನಕಲು ಸರ್ವರ್ ಇರುವ ಊರಿನಲ್ಲೇ ಇರಬಾರದಂತೆ. ಒಮ್ಮೆ ಕಂಡಕ್ಟರ್ "ಏನಮ್ಮಾ, ದಿನಾ ಎರಡೆರಡು ಊಟ?" ಎಂದು ಕಿಚಾಯಿಸಿದಾಗ, "ಒಂದು ನಂಗೆ, ಒಂದು ಬೆಂಕಿ ಬಿದ್ದ ದಿನಕ್ಕೆ" ಅಂದರಂತೆ. ಅವನು ಮತ್ತೆ ಕೇಳಲಿಲ್ಲ. ಆ ನಕಲನ್ನು ಆಗಾಗ ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿ ಎಬ್ಬಿಸಿ ನೋಡುತ್ತಿದ್ದರು. ಎಬ್ಬಿಸಿ ನೋಡದ ನಕಲನ್ನು ಅವರು ನಕಲು ಅಂತ ಒಪ್ಪುತ್ತಿರಲಿಲ್ಲ.

ಬೆಳಿಗ್ಗೆ ಬಂದ ತಕ್ಷಣ ಲಾಗ್ ಓದುತ್ತಿದ್ದರು. ಯಾರು ಯಾವ ಊರಿನಿಂದ ನಮ್ಮ ಬಾಗಿಲು ಬಡಿದರು, ಯಾವ ಖಾತೆಯ ಹೆಸರು ಹಾಕಿ ನೋಡಿದರು ಎನ್ನುವುದೆಲ್ಲ ಅದರಲ್ಲಿ ಇರುತ್ತದೆ. ನಮ್ಮಂಥ ಸಣ್ಣ ಸಂಸ್ಥೆಯ ಬಾಗಿಲನ್ನೂ ಜಗತ್ತಿನಲ್ಲಿ ಇಷ್ಟು ಜನ ಬಡಿಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಓದುತ್ತಾ ಓದುತ್ತಾ ತಮಿಳಿನಲ್ಲಿ ಬೈಯುತ್ತಿದ್ದರು, "ಪೋಡಾ" ಅಂತ. ಅವರ ಮನೆಮಾತು ಕನ್ನಡವೇ. ಆದರೆ ಕ್ವಾರ್ಟರ್ಸಿನ ಗೋಡೆಯಾಚೆ ತಮಿಳಿನವರು, ಈಚೆ ತೆಲುಗಿನವರು ಇದ್ದ ಸಾಲಿನಲ್ಲಿ ಬೆಳೆದವರಾದ್ದರಿಂದ, ಬೈಗುಳಕ್ಕೆ ಅವರ ಬಳಿ ಮೂರು ಭಾಷೆಯಿತ್ತು.

ಈಗ ಟೋಕನ್ನಿನ ವಿಷಯ. ಅವರ ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕಾರ್ಖಾನೆಯಲ್ಲಿ ಪ್ರತಿಯೊಬ್ಬರಿಗೂ ನಂಬರ್ ಕೆತ್ತಿದ ಒಂದು ಹಿತ್ತಾಳೆ ಟೋಕನ್ ಇರುತ್ತಿತ್ತಂತೆ. ಅಪ್ಪ ಕ್ರೇನ್ ರಿಪೇರಿಗೆ ಮೇಲೆ ಹತ್ತುವ ಮುಂಚೆ ಕರೆಂಟ್ ತೆಗೆದು, ಆ ಸ್ವಿಚ್ಚಿಗೆ ತನ್ನ ಟೋಕನ್ ತೂಗುಹಾಕಿ ಹತ್ತುತ್ತಿದ್ದರು. ಅದು ತೂಗುತ್ತಿರುವಷ್ಟು ಹೊತ್ತು ಆ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ, ಮ್ಯಾನೇಜರ್ ಬಂದರೂ ಇಲ್ಲ. ಹಾಕಿದವನೇ ಇಳಿದು ಬಂದು ತೆಗೆಯಬೇಕು. ಅಪ್ಪ ಹೋದ ಮೇಲೆ ಟೋಕನ್ ಮಗಳಿಗೆ ಬಂತು. ಸರ್ವರಿನಲ್ಲಿ ಏನಾದರೂ ಕೆಲಸ ಮಾಡುವಾಗ, ಅಪ್‌ಡೇಟ್ ಹಾಕುವಾಗ, ಅದನ್ನು ಸರ್ವರ್ ಕೋಣೆಯ ಬಾಗಿಲ ಹಿಡಿಕೆಗೆ ತೂಗುಹಾಕಿ ಒಳಗೆ ಹೋಗುತ್ತಿದ್ದರು. ಬೀಗ ಹಾಕುತ್ತಿರಲಿಲ್ಲ.

ಒಂದು ಸಲ ಶಂಕರಘಟ್ಟದಲ್ಲಿ ಶಿಬಿರ. ಅಲ್ಲಿನ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಹೊರಗಿನಿಂದ ಬಂದ ಒಬ್ಬ ಟೆಕ್ನಿಷಿಯನ್ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು, ಇವತ್ತೊಂದು ದಿನಕ್ಕೆ ಅಂತ ಡೇಟಾಬೇಸನ್ನೇ ನೇರ ಇಂಟರ್ನೆಟ್ಟಿಗೆ ತೆರೆದುಬಿಟ್ಟ. ಬಸ್ಸಿನಲ್ಲಿದ್ದ ಅವರಿಗೆ ಎಚ್ಚರಿಕೆಯ ಸಂದೇಶ ಹೋಯಿತು. ಬಂದವರು ಯಾರೊಡನೆಯೂ ಮಾತಾಡದೆ ಒಳಗೆ ಹೋಗಿ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು. ಆಸ್ಪತ್ರೆಗಳಿಗೆ ಕಾಣುತ್ತಿದ್ದ ಪರದೆಗಳೆಲ್ಲ ನಿಂತವು, ಫೋನುಗಳು ಶುರುವಾದವು. "ಪೇಷಂಟ್‌ಗಳು ಸಾಯ್ತಾರೆ ಮೇಡಂ" ಎಂದು ಕಾರ್ಯದರ್ಶಿಗಳು ನಡುಗಿದರು. "ರಕ್ತ ಫ್ರಿಜ್ಜಲ್ಲಿದೆ ಸಾರ್, ಕೇಬಲ್ಲಲ್ಲಿ ಅಲ್ಲ. ಫೋನ್ ಎತ್ತಿ, ನೋಡಿ ಹೇಳಿ" ಅಂದರು ಅವರು. ಆ ದಿನ ಫ್ರಿಜ್ ತೆರೆದು ಚೀಲಗಳನ್ನು ನೋಡಿ ಹೇಳಿ ನಮ್ಮೆಲ್ಲರ ಗಂಟಲು ಕಟ್ಟಿತು. ಸಂಜೆ ಲಾಗ್ ಪೂರ್ತಿ ಓದಿ, ಬಾಗಿಲು ಬಡಿದವರಿದ್ದಾರೆ, ಒಳಗೆ ಬಂದವರಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೇಬಲ್ ಹಾಕಿದ್ದು. ಅಲ್ಲಿಯ ತನಕ ನೀರು ಕುಡಿದಿರಲಿಲ್ಲ.

ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದೆವು, ನನ್ನ ಕೋಣೆಯಲ್ಲಿ. ಅವರ ಹುಳಿ ನನಗೆ, ನನ್ನ ಪಲ್ಯ ಅವರಿಗೆ. ಹಾಗೆ ಉಣ್ಣುತ್ತಿದ್ದ ಒಂದು ದಿನ ಮಗಳಿಗೆ ಗಂಡು ಗೊತ್ತಾಗುವ ಹಾಗಿದೆ ಅಂದರು. ಹುಡುಗ ಭದ್ರಾವತಿಯವನೇ, ಮೇಷ್ಟ್ರು. ಮಗಳೂ ಅವನೂ ಒಪ್ಪಿದ್ದಾರೆ, ದೊಡ್ಡವರ ಮಾತುಕತೆ ಬಾಕಿ. "ಕಾಲೇಜಲ್ಲಿದ್ದಾಗ ನಮ್ಮ ಶಿಬಿರಕ್ಕೂ ಬಂದಿದ್ದನಂತೆ" ಎಂದು ನಕ್ಕು ಹೆಸರು ಹೇಳಿದರು.

ಆ ಹೆಸರಿನ ಹುಡುಗ ಕೆಲವು ವರ್ಷಗಳ ಹಿಂದೆ ನನ್ನ ಕೋಣೆಯಲ್ಲಿ, ಅವರು ಕೂತಿದ್ದ ಅದೇ ಕುರ್ಚಿಯಲ್ಲಿ ಕೂತಿದ್ದ. ಹೆಪಟೈಟಿಸ್ ಬಿ. ಆಗ ಅವನಿಗೆ ನಾನು ಹೇಳಿದ್ದೆ: ಡಾಕ್ಟರ ಹತ್ತಿರ ಆಗಾಗ ತೋರಿಸಿಕೊ, ಹೆದರಬೇಡ, ಮದುವೆಯ ಮಾತು ಬಂದ ದಿನ ಮಾತ್ರ ಹುಡುಗಿಗೆ ಮೊದಲೇ ಹೇಳು, ಅವಳಿಗೆ ಲಸಿಕೆ ಇದೆ, ಹಾಕಿಸಿದರೆ ಭಯವಿಲ್ಲ. ಹೇಳದೆ ಮದುವೆಯಾದರೆ ಅವಳಿಗೂ ಬರಬಹುದು, ಮುಂದೆ ಮಗುವಿಗೂ. ಅವನು ತಲೆ ಅಲ್ಲಾಡಿಸಿ ಹೋಗಿದ್ದ. ಈಗ ಹೇಳಿದ್ದಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಎದುರಿಗೆ ಕೂತ ತಾಯಿಯ ಮುಖದಲ್ಲಿದ್ದ ಸಂತೋಷ ನೋಡಿದರೆ ಹೇಳಿಲ್ಲ ಅನ್ನಿಸಿತು. ನಾನು ಹೇಳುವಂತಿಲ್ಲ. ಹೇಳಿದರೆ ನಾಳೆಯಿಂದ ಆ ಕುರ್ಚಿಯಲ್ಲಿ ಕೂರುವ ಯಾರೂ ನನ್ನನ್ನು ನಂಬಬೇಕಿಲ್ಲ. ಏನೋ ಒಂದು ಒಳ್ಳೆಯ ಮಾತು ಆಡಿ ಊಟ ಮುಗಿಸಿದೆ.

ಮಾರನೆಯ ದಿನದಿಂದ ಅವರು ನನ್ನ ಜೊತೆ ಊಟಕ್ಕೆ ಬರಲಿಲ್ಲ. ಸರ್ವರ್ ಕೋಣೆಯಲ್ಲೇ ಉಂಡರು. ಕಾರಿಡಾರಿನಲ್ಲಿ ಎದುರಾದರೆ ನೆಲ ನೋಡಿಕೊಂಡು ಹೋಗುತ್ತಿದ್ದರು. ಕೇಳಿದರೆ "ಕೆಲಸ ಇದೆ ಮಾರಾಯ್ತಿ" ಅಷ್ಟೇ. ಇಷ್ಟು ವರ್ಷದ ಗೆಳೆತನಕ್ಕೆ ಇದೇನು ಎಂದು ನನಗೆ ನಿಜಕ್ಕೂ ನೋವಾಯಿತು, ಸಿಟ್ಟೂ ಬಂತು. ಹುಳಿಯಿಲ್ಲದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನನ್ನ ಕೈಲಿದ್ದದ್ದು ಒಂದೇ ದಾರಿ, ಆ ಹುಡುಗನನ್ನೇ ಹಿಡಿಯುವುದು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಮಾಡಿದ. ಮಾತುಕತೆ ಹತ್ತಿರವಾಗುತ್ತಿತ್ತು. ಇತ್ತ ನನ್ನ ಫೋನು ಟಿಂಗ್ ಅಂದಾಗಲೆಲ್ಲ ಆ ಸಂದೇಶವೇ ಬಂತೇ ಎಂದು ನೋಡುತ್ತಿದ್ದೆ. ಅವರು ಮನಸ್ಸು ಮಾಡಿದರೆ ಸಾಕು, ಆ ಪಟ್ಟಿ ತೆರೆದು ಒಂದು ಹೆಸರು ಹುಡುಕಿ ನೋಡಬಹುದು. ತಾಯಿ, ನೋಡಿದರೆ ತಪ್ಪೆನ್ನಲು ನಾನ್ಯಾರು? ನೋಡಿಬಿಡಲಿ, ನನ್ನ ಭಾರ ಇಳಿಯಲಿ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಮರುಗಳಿಗೆಯಲ್ಲೇ, ಇವರೂ ನೋಡಿದರೆ ಇನ್ನು ಈ ಊರಿನಲ್ಲಿ ಯಾರನ್ನು ನಂಬುವುದು ಅನ್ನಿಸುತ್ತಿತ್ತು. ಏನು ಬಯಸುತ್ತಿದ್ದೇನೆಂದು ನನಗೇ ತಿಳಿಯದೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೂರುತ್ತಿದ್ದೆ.

ಸಂದೇಶ ಬಂತು. ಬೆಳಿಗ್ಗೆ ಹನ್ನೊಂದರ ಸುಮಾರು, ಎದುರಿಗೆ ಒಬ್ಬ ದಾನಿ ಕೂತಿದ್ದಾಗ. 'ಪಟ್ಟಿ ತೆರೆಯಲಾಗಿದೆ.' ಕೆಳಗೆ ಖಾತೆಯ ಹೆಸರು, ಅವರದೇ.

ದಾನಿಯನ್ನು ಕಳಿಸಿ ಸರ್ವರ್ ಕೋಣೆಗೆ ಓಡಿದೆ. ಅವರು ಪರದೆಯ ಮುಂದೆ ಕೂತಿದ್ದರು. ನನ್ನ ಹೆಜ್ಜೆ ಕೇಳಿಯೇ, ತಿರುಗದೆ, "ಅದು ನಿಜದ ಪಟ್ಟಿ ಅಲ್ಲ. ಹೆದರಬೇಡ" ಅಂದರು. ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ನಿಜದ ಪಟ್ಟಿ ಹೊರಗಿನಿಂದ ತೆರೆಯುವುದೇ ಇಲ್ಲ. ಆದರೆ ಹೊರಗಿನವರಿಗೆ ಕಾಣುವ ಕಡೆ ಅವರು ಒಂದು ಸುಳ್ಳು ಬಾಗಿಲು ಇಟ್ಟಿದ್ದರು, ತಮ್ಮದೇ ಹೆಸರಿನ ಖಾತೆ. ಅದರ ಪಾಸ್‌ವರ್ಡ್ ಅಪ್ಪನ ಟೋಕನ್ ನಂಬರ್. ಒಳಗೆ ಅವರೇ ಕೂತು ಬರೆದ, ಹುಟ್ಟದೇ ಇರುವ ಜನರ ಹೆಸರುಗಳ ಪಟ್ಟಿ.

"ಗುರುತಿಲ್ಲದ ಕಳ್ಳ ಸಾವಿರ ಪಾಸ್‌ವರ್ಡ್ ಹಾಕಿ ನೋಡ್ತಾನೆ. ಗುರುತಿರೋನು ಒಂದೇ ಹಾಕ್ತಾನೆ" ಅಂದರು. "ನಮ್ಮ ಭದ್ರಾವತಿ ಜನಕ್ಕೆ ಟೋಕನ್ ನಂಬರ್ ಬಿಟ್ರೆ ಬೇರೆ ಪಾಸ್‌ವರ್ಡೇ ಬರಲ್ಲ. ಬ್ಯಾಂಕಿಗೂ ಅದೇ, ಫೋನಿಗೂ ಅದೇ, ಪೆಟ್ಟಿಗೆ ಬೀಗಕ್ಕೂ ಅದೇ. ನನ್ನದೂ ಅದೇ ಇರುತ್ತೆ ಅಂದ್ಕೊಂಡು ನಮ್ಮವರೇ ಯಾರೋ ಒಂದಿನ ಬರ್ತಾರೆ ಅಂತ ಗೊತ್ತಿತ್ತು."

"ಯಾರು ಬಂದಿದ್ದು?"

"ಲಾಗಲ್ಲಿ ನಮ್ಮನೆ ನೆಟ್ಟಿನ ವಿಳಾಸ ಇದೆ."

ಅವರ ಗಂಡ ಕಾಗದನಗರದ ಕಾಗದದ ಕಾರ್ಖಾನೆಯಲ್ಲಿದ್ದವರು, ಈಗ ಮನೆಯಲ್ಲಿದ್ದರು. ನಿಧಾನಸ್ಥ ಮನುಷ್ಯ, ಮಗಳೆಂದರೆ ಪ್ರಾಣ. ಹುಡುಗ ಹಿಂದೆ ರಕ್ತ ಕೊಡುತ್ತಿದ್ದವನು ಯಾಕೋ ಥಟ್ಟನೆ ನಿಲ್ಲಿಸಿದ್ದಾನೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ನಾವು ಮಾತಾಡುತ್ತಿರುವಾಗಲೇ ಅವರ ಫೋನ್ ಬಂತು. ಕೋಣೆ ಸಣ್ಣದು, ಅತ್ತಲಿನ ದನಿ ನನಗೂ ಕೇಳಿತು.

"ಬೈಬೇಡ ಕಣೇ, ನಿನ್ನ ಸಿಸ್ಟಂ ಒಳಗೆ ಹೋಗಿ ನೋಡ್ದೆ. ಹುಡುಗನ ಹೆಸರಿಲ್ಲ. ಮನಸ್ಸು ಹಗುರ ಆಯ್ತು. ಅವರ ಮನೆಗೆ ಒಪ್ಪಿಗೆ ಹೇಳಿಬಿಡ್ತೀನಿ."

ಸುಳ್ಳು ಪಟ್ಟಿ ನೋಡಿ ಧೈರ್ಯ ತೆಗೆದುಕೊಂಡು ಮಗಳನ್ನು ಕೊಡಲು ಹೊರಟಿದ್ದಾರೆ. ಇವರು ಫೋನಿನ ಬಾಯಿಗೆ ಅಂಗೈ ಮುಚ್ಚಿ, ಇನ್ನೂ ನನ್ನ ಕಡೆ ತಿರುಗದೆ, "ನೀನು ಹೊರಗೆ ಹೋಗು" ಅಂದರು.

"ಮೇಡಂ..."

"ಹೋಗು ಅಂದೆ. ನಿನ್ನ ಮುಖ ನಂಗೆ ಕಾಣಬಾರದು."

ಹೊರಗೆ ಬಂದು ಗೋಡೆಗೆ ಒರಗಿ ನಿಂತ ಮೇಲೆ ನನಗೆ ಹೊಳೆಯಿತು. ಊಟಕ್ಕೆ ಬರದೆ ಇದ್ದದ್ದು, ನೆಲ ನೋಡಿಕೊಂಡು ನಡೆದದ್ದು ಸಿಟ್ಟಿನಿಂದಲ್ಲ. ಪಟ್ಟಿಯನ್ನು ಎಲ್ಲ ಕಡೆಯಿಂದ ಮುಚ್ಚಿದ್ದರು, ಉಳಿದಿದ್ದ ಒಂದು ಸಂದಿ ನನ್ನ ಮುಖ. ಅದನ್ನೂ ಮುಚ್ಚಿಕೊಂಡಿದ್ದರು. ಇಷ್ಟು ದಿನ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು, ಅಳುವೂ ಬಂತು. ಒಳಗಿನಿಂದ ಅವರ ದನಿ ಕೇಳುತ್ತಿತ್ತು.

"ಅದು ನಾನೇ ಬರೆದ ಸುಳ್ಳು ಪಟ್ಟಿ ರೀ. ಅದರಲ್ಲಿರೋ ಒಬ್ಬರೂ ಈ ಭೂಮಿ ಮೇಲಿಲ್ಲ... ಹೌದು, ನಿಜದ್ದು ಬೇರೆ ಇದೆ... ಇಲ್ಲ. ನೋಡಲ್ಲ." ಗಂಡ ಆಗ ಕೇಳಿದ್ದು ಏನೆಂದು ಎಷ್ಟೋ ದಿನಗಳ ನಂತರ ಹೇಳಿದರು: "ನೀನು ತಾಯಿನಾ, ಕಾವಲಿನವಳಾ?"

ಮಾರನೆಯ ದಿನ ಗಂಡ ಬಸ್ಸು ಹತ್ತಿ ಬಂದೇಬಿಟ್ಟರು. ಶರ್ಟಿನ ಗುಂಡಿ ಏರುಪೇರಾಗಿ ಹಾಕಿಕೊಂಡಿದ್ದರು. ಕೌಂಟರಿನವರು ತಡೆಯುವ ಮುಂಚೆ ಕಾರಿಡಾರಿಗೆ ಬಂದು, "ಎಲ್ಲಿ ಅವಳು?" ಅಂದರು. ಸರ್ವರ್ ಕೋಣೆಯ ಬಾಗಿಲು ಹಾಕಿತ್ತು, ಬೀಗವಿರಲಿಲ್ಲ. ನಾನು ಹಿಂದೆಯೇ ಓಡಿದೆ. ಈ ಮನುಷ್ಯ ಒಳಗೆ ನುಗ್ಗಿ ಅವರನ್ನು ಹಿಡಿದು ಕೂರಿಸಿ ಪಟ್ಟಿ ತೆರೆಸುತ್ತಾರೆ, ಇವರು ಎಷ್ಟು ಹೊತ್ತು ತಡೆದಾರು ಎಂದು ಹೆದರಿದ್ದೆ. ಬಾಗಿಲಿಗೆ ಕೈಚಾಚಿದವರು ಹಾಗೇ ನಿಂತರು. ಹಿಡಿಕೆಯಲ್ಲಿ ಟೋಕನ್ ತೂಗುತ್ತಿತ್ತು.

ಅದನ್ನು ಸರಿಸದೆ ಹಿಡಿಕೆ ತಿರುಗಿಸಲಾಗುವುದಿಲ್ಲ. ಹೊರಗಿನವರಿಗೆ ಅದೇನು ಮಹಾ, ಒಂದು ಬೆರಳಿನ ಕೆಲಸ. ಆದರೆ ಕಾರ್ಖಾನೆಯಲ್ಲಿ ಜೀವ ಸವೆಸಿದ ಆ ಮನುಷ್ಯನ ಕೈ ಮುಂದೆ ಹೋಗಲಿಲ್ಲ. "ತೆಗಿಯೇ ಇದನ್ನ" ಅಂದರು. "ಕೆಲಸ ಮುಗೀಲಿ, ತೆಗೀತೀನಿ" ಎಂದು ಒಳಗಿನಿಂದ ಉತ್ತರ ಬಂತು. ಗಂಡ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು.

ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ, "ನಿಮಗೆ ಗೊತ್ತಿರುತ್ತಲ್ಲ ಮೇಡಂ. ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ, ಸಾಕು" ಅಂದರು.

"ಮದುವೆ ಆಗೋರು ಇಬ್ಬರೂ ಒಟ್ಟಿಗೆ ಹೋಗಿ ಟೆಸ್ಟ್ ಮಾಡಿಸ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ ಸಾರ್."

"ಎಲ್ಲರಿಗೂ ಹೇಳೋ ಮಾತು ನಂಗೆ ಬೇಡಮ್ಮ. ನನ್ನ ಮಗಳದ್ದು ಹೇಳಿ."

ನಾನು ನೆಲ ನೋಡಿದೆ. ಈ ವಿದ್ಯೆಯನ್ನು ಆಗಷ್ಟೇ ಅವರ ಹೆಂಡತಿಯಿಂದ ಕಲಿತಿದ್ದೆ.

ಬಾಗಿಲು ತೆರೆಯಿತು. ಅವರು ಹೊರಗೆ ಬಂದು ಟೋಕನ್ ತೆಗೆದು ಸೆರಗಿನ ಗಂಟಿಗೆ ಸೇರಿಸಿ, ಗಂಡನ ಪಕ್ಕ ಕೂತರು. "ಭಾನುವಾರ ಹುಡುಗನ್ನ ಮನೆಗೆ ಕರೀರಿ" ಅಂದರು. "ಅವನ ಎದುರಿಗೆ ಕೂತು ನಾನೇ ಕೇಳ್ತೀನಿ. ಅವನು ಶಿಬಿರಕ್ಕೆ ಬಂದಾಗ ತನ್ನ ರಕ್ತಾನ ನಮ್ಮನ್ನ ನಂಬಿ ಕೊಟ್ಟ. ನಾಳೆ ಅಳಿಯ ಆಗ್ತಾನೆ ಅಂತ ಕೊಡಲಿಲ್ಲ." ಗಂಡ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದು, ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಇವರು ಅವತ್ತು ಗಂಡನ ಹಿಂದೆ ಹೋಗಲಿಲ್ಲ, ಒಳಗೆ ಹೋಗಿ ಆಗಷ್ಟೇ ಹಾಕಿದ ಅಪ್‌ಡೇಟ್ ಸರಿಯಿದೆಯೇ ಎಂದು ನೋಡಿದರು.

ಆ ಶುಕ್ರವಾರ ಹುಡುಗ ತಾನಾಗಿ ಫೋನ್ ಮಾಡಿದ. ರಕ್ತನಿಧಿಗೆ ಬರಬೇಡ ಎಂದು ಹೇಳಿ, ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಟೀ ಅಂಗಡಿಗೆ ಕರೆದೆ. ಅವನು ನನ್ನ ಕೋಣೆಯ ಮುಂದೆ ನಿಂತದ್ದನ್ನು ಅವರು ನೋಡಿದರೂ ಸಾಕಿತ್ತಲ್ಲ. ಅವನು ಟೀ ಮುಟ್ಟಲಿಲ್ಲ.

"ಭಾನುವಾರ ಕರೆದಿದ್ದಾರೆ ಮೇಡಂ. ಅವರಮ್ಮಂಗೆ ಗೊತ್ತಾಗಿದೆ ಅಲ್ವಾ? ಸಿಸ್ಟಂ ಎಲ್ಲ ಅವರ ಕೈಲೇ ಇದೆ."

"ಇಲ್ಲ. ಅವರು ನೋಡಿಲ್ಲ."

"ನೋಡದೆ ಇರ್ತಾರಾ? ಯಾರಾದ್ರೂ ನೋಡ್ತಾರೆ."

"ಅವರು ನಿಜದ ಪಟ್ಟಿ ತೆರೆದ್ರೆ ನಂಗೆ ಮೆಸೇಜ್ ಬರುತ್ತೆ. ಬಂದಿಲ್ಲ." ಫೋನನ್ನೇ ಅವನ ಮುಂದಿಟ್ಟೆ. "ನಾನೂ ಹೇಳಿಲ್ಲ, ಹೇಳೋದೂ ಇಲ್ಲ. ಗೊತ್ತಿರೋದು ನಿನಗೆ, ಹೇಳಬೇಕಾದವನೂ ನೀನೇ. ಬೇರೆ ಯಾರ ಬಾಯಿಂದಾದ್ರೂ ಆ ಹುಡುಗಿಗೆ ಗೊತ್ತಾದ್ರೆ ಆಮೇಲೆ ಅವಳು ನಿನ್ನ ನಂಬಲ್ಲ, ಲಸಿಕೆ ಇದ್ದೂ ಪ್ರಯೋಜನ ಇಲ್ಲ."

"ಹೇಳಿದ್ರೆ ಮುರಿದುಹೋಗುತ್ತೆ" ಅಂದ. ಹೋಗಬಹುದು ಅಂದೆ. ಸುಳ್ಳು ಧೈರ್ಯ ಕೊಡುವ ಅಭ್ಯಾಸ ನನಗಿಲ್ಲ. ಅವನು ತಣ್ಣಗಾದ ಟೀಯನ್ನು ಬಿಟ್ಟು ಎದ್ದು ಹೋದ. ಹೇಳುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಶನಿವಾರವಿಡೀ ನಾನು ಫೋನ್ ನೋಡುತ್ತಲೇ ಇದ್ದೆ.

ಅವನು ಭಾನುವಾರದ ತನಕ ಕಾಯಲಿಲ್ಲ. ಶನಿವಾರ ಸಂಜೆಯೇ ಹುಡುಗಿಯನ್ನು ಕಂಡು ಎಲ್ಲವನ್ನೂ ಹೇಳಿದ. ಅವಳು ಅಲ್ಲಿಂದ ಎದ್ದು ಬಂದು ದಿನಗಟ್ಟಲೆ ಅವನೊಡನೆ ಮಾತಾಡಲಿಲ್ಲ. ಕಾಯಿಲೆಗಲ್ಲ, ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ. ಮಾತುಕತೆ ಮುಂದಕ್ಕೆ ಹೋಯಿತು, ಮುರಿಯಿತೆಂದೇ ಎಲ್ಲರೂ ಅಂದುಕೊಂಡರು. ಮಗಳು ಅಮ್ಮನನ್ನೂ ಬಿಡಲಿಲ್ಲ. "ನಿಂಗೆ ನೋಡಬಹುದಿತ್ತು, ಯಾಕೆ ನೋಡಲಿಲ್ಲ?" ಎಂದು ಅತ್ತು ಕೇಳಿದಳಂತೆ. ಆ ದಿನಗಳಲ್ಲಿ ಅವರು ಇಳಿದುಹೋಗಿದ್ದರು. ಲಾಗ್ ಓದುವಾಗ ಬೈಯುವುದನ್ನೂ ನಿಲ್ಲಿಸಿದ್ದರು. ಕೊನೆಗೆ ಒಂದು ದಿನ ಮಗಳು ತಾನೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಕೇಳಿ ತಿಳಿದುಕೊಂಡು, ಮೊದಲ ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಬಂದಳು. ಕೊನೆಯ ಡೋಸ್ ಮುಗಿದ ಮೇಲೆ ಮದುವೆಯಾಯಿತು. ಅಪ್ಪ ಧಾರೆ ಎರೆಯುವಾಗಲೂ ಹೆಂಡತಿಯ ಮುಖ ನೋಡಲಿಲ್ಲ. ಅವರು ಸರಿಹೋದದ್ದು ಮೊಮ್ಮಗಳು ಹುಟ್ಟಿದ ಮೇಲೆ.

ಮಗಳು ಮನೆಯಲ್ಲಿ ಎಲ್ಲ ಹೇಳಿದ ಆ ವಾರವೇ ಅವರು ಟಿಫನ್ ಕ್ಯಾರಿಯರ್ ಹಿಡಿದು ನನ್ನ ಕೋಣೆಗೆ ಬಂದಿದ್ದರು. ಏನೂ ಆಗಿಲ್ಲದ ಹಾಗೆ ಹುಳಿ ಬಡಿಸಿದರು. ನಾನೂ ಏನೂ ಕೇಳಲಿಲ್ಲ.

ಕೇಳಿದ್ದು ಅವರು ನಿವೃತ್ತರಾದ ದಿನ. ಎಲ್ಲ ಪಾಸ್‌ವರ್ಡುಗಳನ್ನು ಬದಲಾಯಿಸಿ, ತಮ್ಮ ಖಾತೆಯನ್ನು ತಾವೇ ಅಳಿಸಿ, ತಾವಿನ್ನು ಒಳಗೆ ಬರಲಾಗದು ಎಂದು ಹೊಸಬರ ಎದುರಿಗೆ ಪ್ರಯತ್ನಿಸಿ ತೋರಿಸಿ, ಟೋಕನ್ ತೆಗೆದುಕೊಂಡು ಊಟಕ್ಕೆ ಬಂದರು. ಹಾರ, ಫೋಟೋ ಎಲ್ಲ ಮುಗಿದಿತ್ತು.

"ಹುಡುಗನ ಹೆಸರು ಹೇಳಿದ ದಿನ ನಿಮಗೆ ಗೊತ್ತಾಯ್ತಾ ಮೇಡಂ?" ಎಂದು ಕೇಳಿದೆ.

"ಅನ್ನ ಕಲಸ್ತಿದ್ದ ನಿನ್ನ ಕೈ ನಿಂತಿತು. ಅದು ಕಂಡಿತು" ಅಂದರು. "ಕಂಡಿದ್ದನ್ನ ಓದಬಾರದು ಅಂತ ಎದ್ದು ಹೋದೆ. ಕಷ್ಟ ಆಯ್ತು ಮಾರಾಯ್ತಿ. ಸರ್ವರ್ ಕಾಯೋದು ಸುಲಭ."

ಹೋದ ತಿಂಗಳು ನ್ಯೂ ಟೌನಿನ ಅವರ ಮನೆಯ ಮುಂದೆ ಶಾಮಿಯಾನದ ಕೆಳಗೆ ತಿಥಿಯ ಊಟ. ಒಳಗೆ ಫೋಟೋದ ಮುಂದೆ ಟೋಕನ್ ಇಟ್ಟಿದ್ದರು. ಅವರ ಗಂಡ ಪ್ರತಿ ಪಂಕ್ತಿಗೂ ಬಂದು ಕೈಮುಗಿದು ಹೋಗುತ್ತಿದ್ದರು. ಅಳಿಯ ಹುಳಿಯ ಬಕೆಟ್ ಹಿಡಿದುಕೊಂಡು ಬಡಿಸುತ್ತಾ ನನ್ನ ಎಲೆಯ ಮುಂದೆ ಬಂದು ಬಗ್ಗಿದ. ಮೊದಲು ಅನ್ನದ ಮೇಲೆ ಹುಳಿ ಬಡಿಸಿದ, ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ.

"ಕೊನೆ ತನಕ ಅತ್ತೆ ನನ್ನ ರಿಪೋರ್ಟ್ ಒಂದನ್ನೂ ಕೇಳಲಿಲ್ಲ ಮೇಡಂ. ಪ್ರತಿ ಸಲ ನಾನೇ ತೋರಿಸ್ತಿದ್ದೆ. ಆಗ ಮಾತ್ರ ಕನ್ನಡಕ ಹಾಕ್ಕೊಂಡು ಓದೋರು."

ಅನ್ನ ಕಲಸುತ್ತಿದ್ದ ನನ್ನ ಕೈ ನಿಂತಿತು. "ಯಾಕೆ ಮೇಡಂ, ಖಾರನಾ?" ಎಂದು ಪಕ್ಕದ ಎಲೆಯವರು ನನ್ನ ಮುಖವನ್ನೇ ನೋಡುತ್ತಾ ಕೇಳಿದರು. ಏನಿಲ್ಲ ಅಂದೆ.